ಆಪರೇಷನ್‌ಗೆ ‘ಫಿಟ್’ ಅಂತ ಬರೆದ ಚೀಟಿ ಹೇಳದ ಮಾತು

ಎರಡು ವರ್ಷದ ಹಿಂದೆ ನಮ್ಮ ದೊಡ್ಡಪ್ಪನಿಗೆ ಹರ್ನಿಯಾ ಆಪರೇಷನ್ ಆಯಿತು. ಆಗ ಅವರಿಗೆ 68 ವರ್ಷ. ಅದಕ್ಕೂ ನಾಲ್ಕು ವರ್ಷ ಮೊದಲೇ ಎಕೋ (ಹೃದಯದ ಸ್ಕ್ಯಾನ್) ಮಾಡಿದ ಡಾಕ್ಟರು ‘ಪಂಪಿಂಗ್ 35 ಪರ್ಸೆಂಟ್ ಇದೆ’ ಅಂದಿದ್ದರು. ದೊಡ್ಡಪ್ಪ ಮಾತ್ರೆ ತಪ್ಪಿಸುತ್ತಿರಲಿಲ್ಲ. ಉಪ್ಪಿನಕಾಯಿ, ಹಪ್ಪಳ ಬಿಟ್ಟಿದ್ದರು. ದಿನಾ ತೋಟಕ್ಕೆ ನಡೆದು ಹೋಗಿ ಬರುತ್ತಿದ್ದರು. ಸರ್ಜನ್ನು ‘ಹಾರ್ಟ್ ಡಾಕ್ಟರ ಹತ್ತಿರ ಫಿಟ್‌ನೆಸ್ ತಗೊಂಡು ಬನ್ನಿ’ ಅಂದರು. ಹೋದೆವು, ಸಿಕ್ಕಿತು. ಚಿಕ್ಕದೊಂದು ಚೀಟಿ, ಅದರಲ್ಲಿ ಒಂದೂವರೆ ಸಾಲು, ಕೆಳಗೆ ಸೀಲು. ಆಪರೇಷನ್ ಒಂದು ಗಂಟೆಯೊಳಗೆ ಮುಗಿಯಿತು. ಹೊರಗೆ ಬಂದ ಸರ್ಜನ್ನು ‘ಎಲ್ಲಾ ಚೆನ್ನಾಗಾಯ್ತು’ ಅಂದರು. ನಾವು ನೆಂಟರಿಗೆಲ್ಲ ಫೋನ್ ಮಾಡಿ ಹೇಳಿಬಿಟ್ಟೆವು.

ಮೂರನೇ ರಾತ್ರಿ ಎರಡು ಗಂಟೆಯ ಹೊತ್ತಿಗೆ ನನಗೆ ಎಚ್ಚರವಾದಾಗ ದೊಡ್ಡಪ್ಪ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಎರಡೂ ಕೈ ಹಾಸಿಗೆಗೆ ಊರಿ, ಭುಜ ಮೇಲೆತ್ತಿ ಉಸಿರು ಎಳೆಯುತ್ತಿದ್ದರು. ‘ಮಲಗಿದ್ರೆ ಉಸಿರು ಕಟ್ಟತ್ತೆ ಮಗಾ’ ಅಂದರು. ಕಾಲಿನ ಮೇಲೆ ಬೆರಳು ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಆಮೇಲೆ ತೂಕ ನೋಡಿದರೆ ಅಡ್ಮಿಟ್ ಆದ ದಿನಕ್ಕಿಂತ ಮೂರೂವರೆ ಕಿಲೋ ಜಾಸ್ತಿ. ನೀರು ಹೋಗೋ ಮಾತ್ರೆಯನ್ನು ಆಪರೇಷನ್ನಿನ ಹಿಂದಿನ ದಿನ ನಿಲ್ಲಿಸಿದ್ದರು. ಅದನ್ನು ಮತ್ತೆ ಶುರು ಮಾಡಬೇಕು ಅನ್ನೋದು ಯಾರ ನೆನಪಿಗೂ ಬಂದಿರಲಿಲ್ಲ. ವಾರ್ಡಿನವರಿಗೂ ಇಲ್ಲ, ಪಕ್ಕದಲ್ಲೇ ಇದ್ದ ನಮಗೂ ಇಲ್ಲ. ಎರಡು ದಿನ ಐಸಿಯು ಆಯಿತು. ದೊಡ್ಡಪ್ಪ ಉಳಿದುಕೊಂಡರು.

ನಾನು ಡಾಕ್ಟರಲ್ಲ. ಆದರೆ ಆ ರಾತ್ರಿಯ ನಂತರ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ, ಸಿಕ್ಕ ಡಾಕ್ಟರುಗಳನ್ನೆಲ್ಲ ಕೇಳಿದ್ದೇನೆ. ನನಗೆ ಅರ್ಥವಾದದ್ದು ಇಷ್ಟು: ಹಾರ್ಟ್ ಫೇಲ್ಯೂರ್ ಇರುವವರಿಗೆ ಆಪರೇಷನ್ನಿನ ದೊಡ್ಡ ಅಪಾಯ ಆಪರೇಷನ್ ಟೇಬಲ್ಲಿನ ಮೇಲೆ ಇರುವುದಿಲ್ಲ. ಅದಕ್ಕೆ ಮೊದಲಿನ ಎರಡು ಮೂರು ವಾರ ಮತ್ತು ಆಮೇಲಿನ ಎರಡು ಮೂರು ವಾರದಲ್ಲಿ ಇರುತ್ತದೆ. ‘ಫಿಟ್’ ಅನ್ನುವ ಒಂದು ಪದ ಅಷ್ಟು ದಿನಗಳ ಭಾರ ಹೊರಲಾರದು.

ಬ್ಲಾಕಿಗಿಂತ ಇದಕ್ಕೇ ಹೆಚ್ಚು ಹೆದರಬೇಕು

‘ಹೃದಯ ವೈಫಲ್ಯ’ ಅಂದ ಕೂಡಲೇ ಹೃದಯ ನಿಂತೇಹೋಯಿತು ಅಂತ ಕೇಳಿಸುತ್ತದೆ. ಹಾಗಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಮುಂದಕ್ಕೆ ತಳ್ಳಲು ಹೃದಯ ಸೋಲುತ್ತಿದೆ, ಅದರಿಂದ ನೀರು ಹಿಂದಕ್ಕೆ ಶ್ವಾಸಕೋಶದಲ್ಲಿ, ಕಾಲಿನಲ್ಲಿ, ಹೊಟ್ಟೆಯಲ್ಲಿ ನಿಲ್ಲುತ್ತಿದೆ ಅಂತ ಅರ್ಥ. ನಮ್ಮ ಕಡೆ ಜನ ‘ಹಾರ್ಟ್ ವೀಕು’, ‘ಪಂಪಿಂಗ್ ಕಮ್ಮಿ’ ಅನ್ನುತ್ತಾರೆ. ನಿಜ ಹೇಳಬೇಕಂದ್ರೆ ಪುಸ್ತಕದ ಪದಕ್ಕಿಂತ ಈ ಮಾತೇ ವಿಷಯಕ್ಕೆ ಹತ್ತಿರ. ಹೃದಯದ ಎಡಕೋಣೆ ಒಂದು ಸಲ ಹಿಂಡಿದಾಗ ಒಳಗಿದ್ದ ರಕ್ತದಲ್ಲಿ ಎಷ್ಟು ಪಾಲು ಹೊರಗೆ ಹೋಯಿತು ಅನ್ನೋದೇ ಆ ಪರ್ಸೆಂಟ್. ಚೆನ್ನಾಗಿರುವ ಹೃದಯವೂ ನೂರಕ್ಕೆ ನೂರು ತಳ್ಳುವುದಿಲ್ಲ, 55ರಿಂದ 65ರ ಆಸುಪಾಸು ತಳ್ಳುತ್ತದೆ. 35 ಅಂದಾಗ ‘ಹೃದಯದಲ್ಲಿ ಮೂರನೇ ಒಂದು ಭಾಗ ಮಾತ್ರ ಉಳಿದಿದೆ’ ಅಂತ ಹೆದರಿದವರನ್ನು ನಾನೇ ನೋಡಿದ್ದೇನೆ. ಹಾಗೆ ಅಂದುಕೊಳ್ಳಬೇಕಾಗಿಲ್ಲ.

ಇನ್ನೊಂದು ಬಗೆಯೂ ಇದೆ. ಪಂಪಿಂಗ್ 60 ಇದ್ದರೂ ಹೃದಯದ ಗೋಡೆ ಪೆಡಸಾಗಿ, ಸರಿಯಾಗಿ ಸಡಿಲಗೊಂಡು ರಕ್ತ ತುಂಬಿಕೊಳ್ಳಲು ಆಗದೆ ಹಾರ್ಟ್ ಫೇಲ್ಯೂರ್ ಆಗುತ್ತದೆ. ಬಹಳ ವರ್ಷ ಬಿಪಿ, ಶುಗರ್ ಇದ್ದ ವಯಸ್ಸಾದ ಹೆಂಗಸರಲ್ಲಿ ಇದು ಜಾಸ್ತಿ. ಎಕೋ ರಿಪೋರ್ಟಿನಲ್ಲಿ ನಂಬರ್ ಚೆನ್ನಾಗಿರುವುದರಿಂದ ‘ಏನೂ ತೊಂದ್ರೆ ಇಲ್ಲ’ ಅನ್ನಿಸಿಕೊಂಡು ಆಪರೇಷನ್‌ಗೆ ಹೋಗುವವರು ಇವರೇ.

ಈಗ ಲೆಕ್ಕಕ್ಕೆ ಬರೋಣ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 2009ರಿಂದ 2016ರವರೆಗೆ ಹೃದಯಕ್ಕೆ ಸಂಬಂಧಿಸದ, ಮೊದಲೇ ದಿನ ಗೊತ್ತುಮಾಡಿಕೊಂಡ ಆಪರೇಷನ್ ಮಾಡಿಸಿಕೊಂಡ ಆರು ಲಕ್ಷಕ್ಕೂ ಹೆಚ್ಚು ಜನರ ದಾಖಲೆಯನ್ನು ನೋಡಿ ಮಾಡಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಅವರಲ್ಲಿ ಸುಮಾರು 48 ಸಾವಿರ ಜನರಿಗೆ ಹಾರ್ಟ್ ಫೇಲ್ಯೂರ್ ಇತ್ತು. ಆಪರೇಷನ್ ಆಗಿ 90 ದಿನದೊಳಗೆ ತೀರಿಕೊಂಡವರು ಈ ಗುಂಪಿನಲ್ಲಿ 100ಕ್ಕೆ 5.49. ಕಾಯಿಲೆ ಇಲ್ಲದವರಲ್ಲಿ 1.22. ವಯಸ್ಸು, ಬೇರೆ ಕಾಯಿಲೆ ಎಲ್ಲವನ್ನೂ ಲೆಕ್ಕಕ್ಕೆ ತಗೊಂಡ ಮೇಲೂ ಅಪಾಯ ಒಂದೂವರೆ ಪಟ್ಟಿಗಿಂತ ಜಾಸ್ತಿಯೇ ಇತ್ತು. ಇಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಆಪರೇಷನ್ ಸಮಯದಲ್ಲಿ ದಮ್ಮು, ಊತದಂಥ ಲಕ್ಷಣ ಇದ್ದವರಲ್ಲಿ ಸಾವು 100ಕ್ಕೆ ಹತ್ತು. ಲಕ್ಷಣ ಹಿಡಿತದಲ್ಲಿದ್ದವರಲ್ಲಿ ಐದಕ್ಕಿಂತ ಸ್ವಲ್ಪ ಕಮ್ಮಿ. ಪಂಪಿಂಗ್ 50ಕ್ಕಿಂತ ಹೆಚ್ಚಿದ್ದವರಲ್ಲೂ 4.88. ಅಂದರೆ ಪಂಪಿಂಗ್ ನಂಬರ್ ಚೆನ್ನಾಗಿದ್ದ ಮಾತ್ರಕ್ಕೆ ಅಪಾಯ ಹೋಗಲಿಲ್ಲ. ದಮ್ಮು, ಊತ ಹತೋಟಿಗೆ ಬಂದಿದ್ದರೆ ಅಪಾಯ ಅರ್ಧಕ್ಕೆ ಇಳಿದಿತ್ತು.

ಆ ಅಧ್ಯಯನದಲ್ಲಿದ್ದವರು ಹೆಚ್ಚಿನವರು ಗಂಡಸರು, ಅವರ ಆಸ್ಪತ್ರೆ ವ್ಯವಸ್ಥೆಯೂ ಬೇರೆ. ಆ ನಂಬರನ್ನು ಹಾಗೇ ತಂದು ನಮ್ಮ ಅಜ್ಜಿಗೆ ಹಚ್ಚುವುದು ಸರಿಯಲ್ಲ. ಜೊತೆಗೆ, 100ರಲ್ಲಿ 94ಕ್ಕೂ ಹೆಚ್ಚು ಜನ ಆ 90 ದಿನ ದಾಟಿ ಬದುಕಿದ್ದರು ಅನ್ನೋದನ್ನೂ ಮರೆಯಬಾರದು. ಹೆದರಿ ಬೇಕಾದ ಆಪರೇಷನ್ ಬಿಟ್ಟುಬಿಡಲಿ ಅಂತ ನಾನು ಇದನ್ನು ಬರೆಯುತ್ತಿಲ್ಲ.

ಕೆನಡಾದ ಆಲ್ಬರ್ಟಾ ಪ್ರಾಂತದ 38 ಸಾವಿರ ಜನರ ಲೆಕ್ಕ 2011ರಲ್ಲಿ ಬಂತು. ಅದು ನಮ್ಮ ಸಾಮಾನ್ಯ ನಂಬಿಕೆಯನ್ನೇ ತಲೆಕೆಳಗು ಮಾಡುತ್ತದೆ. ನಮ್ಮಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ ‘ಬ್ಲಾಕ್ ಇದೆಯಾ?’ ಅಂತ ಅಲ್ವಾ? ಆ ಲೆಕ್ಕದಲ್ಲಿ, ಹೃದಯದ ರಕ್ತನಾಳದ ಕಾಯಿಲೆ (ಬ್ಲಾಕ್) ಇದ್ದು ಹಾರ್ಟ್ ಫೇಲ್ಯೂರ್ ಇಲ್ಲದವರಲ್ಲಿ ಆಪರೇಷನ್ ಆದ 30 ದಿನದೊಳಗಿನ ಸಾವು 100ಕ್ಕೆ 2.9. ಹಾರ್ಟ್ ಫೇಲ್ಯೂರ್ ಇದ್ದವರಲ್ಲಿ ಒಂಬತ್ತಕ್ಕಿಂತ ಜಾಸ್ತಿ. ‘ಸಣ್ಣ ಆಪರೇಷನ್’ ಅನ್ನಿಸಿಕೊಂಡವುಗಳಲ್ಲೂ ಎಂಟರ ಮೇಲೆ. ಆದರೂ ನಾವು ಬ್ಲಾಕಿಗೆ ನಡುಗುತ್ತೇವೆ, ಪಂಪಿಂಗ್ ಕಮ್ಮಿ ಅಂದರೆ ‘ಮಾತ್ರೆ ತಗೋತಿದಾರಲ್ಲ’ ಅಂತ ಸುಮ್ಮನಾಗುತ್ತೇವೆ.

ನಮ್ಮ ದೇಶದ ಮಟ್ಟಿಗೆ ಇದು ಇನ್ನೂ ಗಂಭೀರ. 53 ಆಸ್ಪತ್ರೆಗಳ 10,851 ರೋಗಿಗಳ ರಾಷ್ಟ್ರೀಯ ಹಾರ್ಟ್ ಫೇಲ್ಯೂರ್ ದಾಖಲೆಯಲ್ಲಿ ರೋಗಿಗಳ ಸರಾಸರಿ ವಯಸ್ಸು ಸುಮಾರು 60. ಪಶ್ಚಿಮದ ದೇಶಗಳಲ್ಲಿ ಈ ಕಾಯಿಲೆ ಮುಖ್ಯವಾಗಿ 70 ದಾಟಿದವರದ್ದು. ನಮ್ಮವರು ಹತ್ತು ವರ್ಷ ಮೊದಲೇ ಇದರ ಜೊತೆ ಬದುಕಲು ಶುರು ಮಾಡುತ್ತಾರೆ. ಹಾಗಾಗಿ ಹರ್ನಿಯಾ, ಪಿತ್ತಕೋಶದ ಕಲ್ಲು, ಪ್ರಾಸ್ಟೇಟ್, ಕಣ್ಣಿನ ಪೊರೆ, ಮಂಡಿ, ಸೊಂಟ ಇವೆಲ್ಲವೂ ಅವರ ಬದುಕಿನಲ್ಲಿ ಈ ಕಾಯಿಲೆಯ ನಂತರ ಬರುತ್ತವೆ.

ಮೂರನೇ ರಾತ್ರಿ ಯಾಕೆ?

ಅರಿವಳಿಕೆ ಕೊಟ್ಟಾಗ ರಕ್ತನಾಳಗಳು ಸಡಿಲಗೊಂಡು ಬಿಪಿ ಇಳಿಯುತ್ತದೆ. ಆರೋಗ್ಯವಂತ ಹೃದಯ ಸ್ವಲ್ಪ ಜೋರಾಗಿ ಬಡಿದು ಅದನ್ನು ಸರಿದೂಗಿಸುತ್ತದೆ. ಸೋತ ಹೃದಯಕ್ಕೆ ಆ ಮೀಸಲು ಶಕ್ತಿ ಇಲ್ಲ. ಬಿಪಿ ಎತ್ತಲು ಬಾಟಲಿ ಏರಿಸುತ್ತಾರೆ. ಅದು ಬೇಕೇ ಬೇಕು, ಇಲ್ಲದಿದ್ದರೆ ಕಿಡ್ನಿಗೆ, ಮಿದುಳಿಗೆ ರಕ್ತ ಸಾಲದು. ಆದರೆ ಆ ಬಾಟಲಿಯೊಳಗೆ ಏನಿದೆ ಅಂತ ಒಮ್ಮೆ ನೋಡಬೇಕು.

ನಾರ್ಮಲ್ ಸಲೈನ್ ಅಂದರೆ 0.9 ಪರ್ಸೆಂಟ್ ಉಪ್ಪುನೀರು. ಅರ್ಧ ಲೀಟರಿನ ಒಂದು ಬಾಟಲಿಯಲ್ಲಿ ನಾಲ್ಕೂವರೆ ಗ್ರಾಂ ಉಪ್ಪು. ಒಬ್ಬ ಮನುಷ್ಯನಿಗೆ ಇಡೀ ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೂರು ಬಾಟಲಿ ಹೋದರೆ ಹದಿಮೂರೂವರೆ ಗ್ರಾಂ. ಮನೆಯಲ್ಲಿ ದೊಡ್ಡಮ್ಮ ದೊಡ್ಡಪ್ಪನ ಸಾರನ್ನು ಬೇರೆ ಪಾತ್ರೆಯಲ್ಲಿ ತೆಗೆದಿಟ್ಟು, ಉಳಿದದ್ದಕ್ಕೆ ಮಾತ್ರ ಉಪ್ಪು ಹಾಕುತ್ತಿದ್ದರು. ನಾಲ್ಕು ವರ್ಷ ಹಾಗೆ ಕಾಪಾಡಿದ್ದರು. ಎರಡು ದಿನದಲ್ಲಿ ಆಸ್ಪತ್ರೆಯ ಬಾಟಲಿಯಿಂದ ಹೋದ ಉಪ್ಪನ್ನು ನಾನು ಆಮೇಲೆ ಬಿಲ್ ನೋಡಿ ಕೂಡಿಸಿದೆ. ದೊಡ್ಡಮ್ಮನಿಗೆ ಆ ಲೆಕ್ಕ ಹೇಳುವ ಮನಸ್ಸಾಗಲಿಲ್ಲ.

ಏರಿಸಿದ ಈ ನೀರು ಕೂಡಲೇ ತೊಂದರೆ ಕೊಡುವುದಿಲ್ಲ, ಅದೇ ಮೋಸ. ಆಪರೇಷನ್ ಆದ ದೇಹ ಗಾಯದ ಪ್ರತಿಕ್ರಿಯೆಯಾಗಿ ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದಷ್ಟು ನೀರು ರಕ್ತನಾಳದಿಂದ ಹೊರಗೆ ಅಂಗಾಂಶಗಳಿಗೆ ಸೋರಿ ಅಲ್ಲಿ ಕೂರುತ್ತದೆ. ಎರಡು ಮೂರು ದಿನ ಕಳೆದು ದೇಹ ಚೇತರಿಸಿಕೊಳ್ಳುವಾಗ ಆ ನೀರು ರಕ್ತನಾಳಕ್ಕೆ ವಾಪಸ್ ಬರುತ್ತದೆ. ಆರೋಗ್ಯವಂತರಿಗೆ ಮೂತ್ರ ಜಾಸ್ತಿ ಹೋಗಿ ಮುಗಿಯಿತು. ಸೋತ ಹೃದಯಕ್ಕೆ ಅದೊಂದು ಹೊಸ ಹೊರೆ. ನೀರಿನ ಮಾತ್ರೆಯೂ ನಿಂತಿದ್ದರೆ ಶ್ವಾಸಕೋಶ ತುಂಬಿಕೊಳ್ಳುತ್ತದೆ. ಜೊತೆಗೆ ನೋವಿನಿಂದ ನಾಡಿ ಏರಿರುತ್ತದೆ, ರಕ್ತ ಹೋಗಿ ಹಿಮೋಗ್ಲೋಬಿನ್ ಇಳಿದಿರುತ್ತದೆ, ನಿದ್ದೆ ಇರುವುದಿಲ್ಲ. ಅಷ್ಟರಲ್ಲಿ ಮನೆಯವರೂ ‘ಆಪರೇಷನ್ ಮುಗೀತಲ್ಲ’ ಅಂತ ನಿರಾಳವಾಗಿರುತ್ತಾರೆ.

ಇದು ಬರೀ ನಮ್ಮ ಮನೆಯ ಅನುಭವ ಅಲ್ಲ. 14 ದೇಶಗಳಲ್ಲಿ ಆಪರೇಷನ್ ಆದ 40 ಸಾವಿರ ಜನರನ್ನು ಹಿಂಬಾಲಿಸಿದ ‘ವಿಷನ್’ ಎಂಬ ದೊಡ್ಡ ಅಧ್ಯಯನದಲ್ಲಿ 30 ದಿನದೊಳಗೆ 715 ಜನ ತೀರಿಕೊಂಡರು. ಅವರಲ್ಲಿ ಆಪರೇಷನ್ ಥಿಯೇಟರಿನೊಳಗೆ ಸತ್ತವರು ಐದು ಜನ. ಐದೇ. ಸುಮಾರು 70 ಪರ್ಸೆಂಟ್ ಸಾವು ಆಮೇಲೆ ಆಸ್ಪತ್ರೆಯಲ್ಲಿ, ಉಳಿದದ್ದು ಡಿಸ್ಚಾರ್ಜ್ ಆಗಿ ಮನೆಗೆ ಹೋದ ಮೇಲೆ. ಇವರೆಲ್ಲ ಹಾರ್ಟ್ ಫೇಲ್ಯೂರ್ ರೋಗಿಗಳಲ್ಲ, ಎಲ್ಲ ತರಹದವರೂ ಇದ್ದರು. ಥಿಯೇಟರ್ ಬಾಗಿಲ ಮೇಲಿನ ಕೆಂಪು ದೀಪವನ್ನೇ ನೋಡುತ್ತ ಕೂರುವ ನಾವು, ಅದು ಆರಿದ ಮೇಲೆ ನೋಡುವುದನ್ನೇ ನಿಲ್ಲಿಸಿಬಿಡುತ್ತೇವೆ.

ಚೀಟಿಯಲ್ಲಿ ಏನಿರಬೇಕಿತ್ತು

1999ರಿಂದ ಡಾಕ್ಟರುಗಳು ಬಳಸುವ ಒಂದು ಸರಳ ಲೆಕ್ಕ ಇದೆ. ಆರು ಅಂಶ, ಒಂದೊಂದಕ್ಕೂ ಒಂದು ಪಾಯಿಂಟ್: ಆಪರೇಷನ್ ದೊಡ್ಡದೇ, ಹೃದಯದ ರಕ್ತನಾಳದ ಕಾಯಿಲೆ ಇದೆಯೇ, ಹಾರ್ಟ್ ಫೇಲ್ಯೂರ್ ಇದೆಯೇ, ಸ್ಟ್ರೋಕ್ ಆಗಿತ್ತೇ, ಇನ್ಸುಲಿನ್ ತಗೊಳ್ಳುತ್ತಾರಾ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತಪರೀಕ್ಷೆ) 2ಕ್ಕಿಂತ ಜಾಸ್ತಿ ಇದೆಯೇ. ಉಪಯೋಗದ ಲೆಕ್ಕವೇ. ಆದರೆ ಕಾಲೂತ ಇಲ್ಲದೆ ತೋಟ ಸುತ್ತುವವರಿಗೂ, ಮೂರು ದಿಂಬು ಇಟ್ಟುಕೊಂಡು ಮಲಗುವವರಿಗೂ ಅದರಲ್ಲಿ ಒಂದೇ ಪಾಯಿಂಟ್.

‘ಎರಡು ಮಹಡಿ ಹತ್ತಬಲ್ಲಿರಾ?’ ಅಂತ ಕೇಳಿ ಅಂದಾಜು ಮಾಡುವುದು ಹಳೆಯ ರೂಢಿ. 2018ರಲ್ಲಿ ಬಂದ ಅಧ್ಯಯನವೊಂದರಲ್ಲಿ 1,401 ರೋಗಿಗಳನ್ನು ಮೊದಲು ಡಾಕ್ಟರು ಮಾತಾಡಿಸಿ ಅಂದಾಜು ಮಾಡಿದರು, ಆಮೇಲೆ ಸೈಕಲ್ ತುಳಿಸಿ ಯಂತ್ರದಿಂದ ಅಳೆದರು. ನಿಜಕ್ಕೂ ಶಕ್ತಿ ಕಮ್ಮಿ ಇದ್ದ 100 ಜನರಲ್ಲಿ ಡಾಕ್ಟರ ಅಂದಾಜು ಹಿಡಿದದ್ದು ಸುಮಾರು 19 ಜನರನ್ನು ಮಾತ್ರ. ಡಾಕ್ಟರು ದಡ್ಡರು ಅಂತಲ್ಲ. ನಾವು ಸರಿಯಾಗಿ ಹೇಳುವುದಿಲ್ಲ. ದೊಡ್ಡಪ್ಪ ‘ಓಡಾಡ್ತೀನಿ ಸಾರ್, ಏನೂ ತೊಂದ್ರೆ ಇಲ್ಲ’ ಅಂದಿದ್ದರು. ತೋಟದ ದಾರಿಯಲ್ಲಿ ಈಗೀಗ ಎರಡು ಕಡೆ ಕೂತು ಹೋಗುತ್ತಿದ್ದರು ಅನ್ನೋದು ಪಕ್ಕದ ಮನೆಯವರಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಮನೆಗೆಲಸ, ಮೆಟ್ಟಿಲು, ಸ್ನಾನ ಹೀಗೆ ಒಂದೊಂದನ್ನೂ ಬಿಡಿಸಿ ಕೇಳುವ ಹನ್ನೆರಡು ಪ್ರಶ್ನೆಗಳ ಪಟ್ಟಿಯೊಂದು ಅದೇ ಅಧ್ಯಯನದಲ್ಲಿ ಆ ಅಂದಾಜಿಗಿಂತ ಚೆನ್ನಾಗಿ ಕೆಲಸ ಮಾಡಿತು.

ಹೃದಯದ ಮೇಲಿನ ಒತ್ತಡವನ್ನು ತೋರಿಸುವ ಬಿಎನ್‌ಪಿ ಎಂಬ ರಕ್ತಪರೀಕ್ಷೆಯೂ ಇದೆ. ಹಾರ್ಟ್ ಫೇಲ್ಯೂರ್ ಇರುವವರಲ್ಲಿ ಅದು ಮೊದಲೇ ಜಾಸ್ತಿ ಇರುವುದರಿಂದ, ಅವರು ಚೆನ್ನಾಗಿದ್ದಾಗ ಎಷ್ಟಿತ್ತು ಅಂತ ಹಳೆಯ ರಿಪೋರ್ಟಿನ ಜೊತೆ ಹೋಲಿಸಿದರೆ ಉಪಯೋಗ. ಹಳೆಯ ರಿಪೋರ್ಟುಗಳನ್ನು ಜೋಪಾನವಾಗಿಡಿ.

ಹಾಗಾದರೆ ನಿಜವಾಗಿ ಬೇಕಾದ ಪ್ರಶ್ನೆ ಯಾವುದು? ಈಗ, ಈ ವಾರ, ಈ ಮನುಷ್ಯನ ದೇಹದಲ್ಲಿ ನೀರು ನಿಂತಿದೆಯೇ, ಇಲ್ಲವೇ? ಕುತ್ತಿಗೆಯ ನರ ಉಬ್ಬಿದೆಯೇ, ಕಾಲೂತ ಇದೆಯೇ, ತೂಕ ಎಷ್ಟು? 1977ರಲ್ಲಿ ಅಮೆರಿಕದ ಲೀ ಗೋಲ್ಡ್‌ಮನ್ ಮತ್ತು ಜೊತೆಗಾರರು ಈ ಬಗೆಯ ಮೊದಲ ಲೆಕ್ಕ ಮಾಡಿದಾಗ ಎಲ್ಲಕ್ಕಿಂತ ಹೆಚ್ಚು ಅಂಕ, 53ರಲ್ಲಿ 11, ಕೊಟ್ಟದ್ದು ಇದಕ್ಕೇ. ಸ್ಟೆತಾಸ್ಕೋಪಿನಲ್ಲಿ ಕೇಳುವ ಹೃದಯದ ಮೂರನೇ ಸದ್ದು ಅಥವಾ ಉಬ್ಬಿದ ಕುತ್ತಿಗೆಯ ನರ. ಯಾವ ಯಂತ್ರವೂ ಬೇಡ. ಬಟ್ಟೆ ಸರಿಸಿ, 45 ಡಿಗ್ರಿ ಒರಗಿಸಿ, ಎರಡು ನಿಮಿಷ ನೋಡಬೇಕು. ಜನಜಂಗುಳಿಯ ಓಪಿಡಿಯಲ್ಲಿ ಆ ಎರಡು ನಿಮಿಷವೇ ಸಿಗುವುದಿಲ್ಲ. ಅದು ನನ್ನ ದೊಡ್ಡ ಸಂಕಟ.

ಕಾಯಿಲೆ ಹೊಸದಾಗಿ ಗೊತ್ತಾಗಿದ್ದರೆ, ಅಥವಾ ಇತ್ತೀಚೆಗೆ ದಮ್ಮು ಬಂದು ಅಡ್ಮಿಟ್ ಆಗಿದ್ದರೆ, ತುರ್ತಿಲ್ಲದ ಆಪರೇಷನ್ ಮುಂದೂಡಿ ಮಾತ್ರೆಗಳು ಕೆಲಸ ಮಾಡಲು ಸಮಯ ಕೊಡಬೇಕು. ಯುರೋಪಿನ ಹೃದ್ರೋಗ ತಜ್ಞರ ಸಂಘ ಮೂರು ತಿಂಗಳಾದರೂ ಕಾಯಿರಿ ಅಂತ ಹೇಳಿದ್ದುಂಟು. ನಮ್ಮ ರಾಷ್ಟ್ರೀಯ ದಾಖಲೆಯಲ್ಲಿ ಹಾರ್ಟ್ ಫೇಲ್ಯೂರ್ ಅಂತ ಆಸ್ಪತ್ರೆ ಸೇರಿದವರಲ್ಲಿ 90 ದಿನದೊಳಗೆ ತೀರಿಕೊಂಡವರು 100ಕ್ಕೆ 14. ಯಾವ ಆಪರೇಷನ್ ಇಲ್ಲದೆಯೇ ಅಷ್ಟು ಕಷ್ಟದ ಕಾಲ ಅದು. ಅದರ ಮಧ್ಯೆ ಹರ್ನಿಯಾ ತುರುಕುವುದು ಯಾಕೆ?

ಮಾತ್ರೆಗಳ ಗೊಂದಲ

ಮನೆಯವರು ಅತಿ ಹೆಚ್ಚು ಎಡವುವುದು ಇಲ್ಲಿ. ‘ಆಪರೇಷನ್ ದಿನ ಎಲ್ಲಾ ಮಾತ್ರೆ ನಿಲ್ಲಿಸಿ’ ಅನ್ನುವ ಒಂದು ಸಾಲಿನ ಸೂಚನೆ ಬಹಳ ಕಡೆ ಕೇಳಿಬರುತ್ತದೆ. ಆದರೆ ಒಂದೊಂದು ಮಾತ್ರೆಯ ಕತೆಯೂ ಬೇರೆ.

ಈಗ ಹೊಸದಾಗಿ ನೋಡಬೇಕಾದದ್ದು ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳು. ಶುಗರ್‌ಗೆ ಅಂತ ಬಂದವು, ಹಾರ್ಟ್ ಫೇಲ್ಯೂರಿಗೂ ತುಂಬಾ ಒಳ್ಳೆಯದು ಅಂತ ಸಾಬೀತಾಯಿತು. ಭಾರತದಲ್ಲಿ ಮೊದಲನೆಯದರ ಪೇಟೆಂಟ್ 2020ರಲ್ಲಿ, ಎರಡನೆಯದರದ್ದು 2025ರ ಮಾರ್ಚ್‌ನಲ್ಲಿ ಮುಗಿದು ಬೆಲೆ ಇಳಿಯಿತು. ಅದರಿಂದ ತಾಲೂಕಿನ ಮೆಡಿಕಲ್ ಸ್ಟೋರಿನಲ್ಲೂ ಈಗ ಹತ್ತಾರು ಹೆಸರಿನಲ್ಲಿ ಸಿಗುತ್ತವೆ. ಒಳ್ಳೆಯ ಬದಲಾವಣೆ. ಆದರೆ ಇವನ್ನು ತಗೊಂಡೇ ಆಪರೇಷನ್‌ಗೆ ಉಪವಾಸ ಇದ್ದರೆ ಕೆಲವರ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರುತ್ತದೆ. ಮಾಮೂಲಿಯಾಗಿ ಇದು ಶುಗರ್ ತುಂಬಾ ಏರಿದವರಲ್ಲಿ ಆಗುವಂಥದ್ದು. ಇಲ್ಲಿ ಶುಗರ್ ಹೆಚ್ಚೇನೂ ಏರಿರುವುದಿಲ್ಲ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ವಾಂತಿ, ಹೊಟ್ಟೆನೋವು, ಜೋರು ಉಸಿರು ಕಂಡರೆ ‘ಆಪರೇಷನ್ ಆದದ್ದಕ್ಕೆ’ ಅಂದುಕೊಳ್ಳುತ್ತಾರೆ. ಅದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲೇ, ಮೊದಲೇ ನಿಗದಿಯಾದ ಆಪರೇಷನ್ನಿಗೆ ಮೂರು ದಿನ ಮುಂಚೆ ಇವೆರಡನ್ನೂ ನಿಲ್ಲಿಸಿ ಅಂದಿತು. ಮೂರು ದಿನ ಮುಂಚೆ ಅಂದರೆ ಅಡ್ಮಿಟ್ ಆಗುವ ಮೊದಲೇ, ಮನೆಯಲ್ಲೇ. ಯಾರಾದರೂ ಮೊದಲೇ ಹೇಳಿರಬೇಕು. ಈ ಮಾತ್ರೆಗಳು ಬೇರೆ ಔಷಧದ ಜೊತೆ ಒಂದೇ ಗುಳಿಗೆಯಲ್ಲೂ ಬರುತ್ತವೆ. ಹೆಸರು ನೋಡಿದರೆ ಗೊತ್ತಾಗುವುದಿಲ್ಲ, ಮಾತ್ರೆಯ ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರ ಓದಬೇಕು. ಪೂರಾ ಸ್ಟ್ರಿಪ್ಪುಗಳನ್ನೇ ಚೀಲದಲ್ಲಿ ಹಾಕಿಕೊಂಡು ಅರಿವಳಿಕೆ ಡಾಕ್ಟರ ಮುಂದೆ ಸುರಿದುಬಿಡಿ.

ಮೆಟೊಪ್ರೊಲಾಲ್, ಬೈಸೊಪ್ರೊಲಾಲ್, ಕಾರ್ವೆಡಿಲಾಲ್ ಥರದ ಬೀಟಾ ಬ್ಲಾಕರ್ (ನಾಡಿ, ಬಿಪಿ ತಗ್ಗಿಸುವ ಮಾತ್ರೆ) ಇದಕ್ಕೆ ಉಲ್ಟಾ. ಮೊದಲಿಂದ ತಗೊಳ್ಳುತ್ತಿದ್ದರೆ ಸಾಮಾನ್ಯವಾಗಿ ನಿಲ್ಲಿಸಬಾರದು. ಆಪರೇಷನ್ ದಿನ ಬೆಳಿಗ್ಗೆಯೂ ಒಂದು ಗುಟುಕು ನೀರಿನಲ್ಲಿ ಕೊಡುತ್ತಾರೆ. ಆದರೆ ಹೊಸದಾಗಿ ಅದೇ ದಿನ ಶುರು ಮಾಡುವುದು ಕೆಡುಕು. 2008ರಲ್ಲಿ 8,351 ಜನರ ಮೇಲೆ ನಡೆದ ‘ಪಾಯ್ಸ್’ ಪ್ರಯೋಗದಲ್ಲಿ ಆಪರೇಷನ್‌ಗೆ ಸ್ವಲ್ಪ ಮುಂಚೆ ಮೆಟೊಪ್ರೊಲಾಲ್ ಶುರು ಮಾಡಿದಾಗ ಹಾರ್ಟ್ ಅಟ್ಯಾಕ್ ಕಮ್ಮಿಯಾಯಿತು, ಆದರೆ ಸ್ಟ್ರೋಕ್ ಹೆಚ್ಚಿತು, ಸಾವೂ 2.3ರಿಂದ 3.1 ಪರ್ಸೆಂಟಿಗೆ ಏರಿತು. ಹೃದಯವನ್ನು ಕಾಯಲು ಹೋಗಿ ಮನುಷ್ಯನನ್ನು ಕಳೆದುಕೊಂಡ ಹಾಗೆ.

ಬಿಪಿ ಇಳಿಸಿ ಹೃದಯದ ಹೊರೆ ತಗ್ಗಿಸುವ ರಾಮಿಪ್ರಿಲ್, ಟೆಲ್ಮಿಸಾರ್ಟನ್, ಸಾಕುಬಿಟ್ರಿಲ್ ಇರುವ ಮಾತ್ರೆಗಳ ಬಗ್ಗೆ ಡಾಕ್ಟರುಗಳಲ್ಲೇ ಎರಡು ಅಭಿಪ್ರಾಯ ಇದೆ. ತಗೊಂಡರೆ ಅರಿವಳಿಕೆಯ ಹೊತ್ತಿಗೆ ಬಿಪಿ ಬೀಳುವುದು ಜಾಸ್ತಿ. ಫ್ರಾನ್ಸಿನಲ್ಲಿ 2,222 ಜನರ ಮೇಲೆ ಮಾಡಿ 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಿಲ್ಲಿಸಿದರೂ ಮುಂದುವರಿಸಿದರೂ ಸಾವು ಮತ್ತು ದೊಡ್ಡ ತೊಂದರೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದು ನಿಮ್ಮ ಡಾಕ್ಟರ ತೀರ್ಮಾನ. ನೀರಿನ ಮಾತ್ರೆಯೂ ಅಷ್ಟೇ, ದೇಹದಲ್ಲಿ ನೀರು ನಿಂತಿದ್ದರೆ ಕೊಡಬೇಕು, ಒಣಗಿದ್ದರೆ ಆ ಬೆಳಿಗ್ಗೆ ಬಿಡಬಹುದು. ಆದರೆ ನಿಲ್ಲಿಸಿದ ಪ್ರತಿಯೊಂದು ಮಾತ್ರೆಯ ಎದುರಿಗೂ ‘ಮತ್ತೆ ಯಾವಾಗ ಶುರು?’ ಅಂತ ಬರೆಸಿಕೊಳ್ಳಬೇಕು. ನಾವು ಸೋತದ್ದು ಇದೊಂದರಲ್ಲಿ.

ಇನ್ನು ಉಪವಾಸ. ‘ರಾತ್ರಿ ಹತ್ತರಿಂದ ಒಂದು ಹನಿ ನೀರೂ ಬೇಡ’ ಅಂದಿದ್ದರು. ದೊಡ್ಡಪ್ಪನ ಸರದಿ ಬಂದದ್ದು ಮಧ್ಯಾಹ್ನ ಎರಡಕ್ಕೆ. ಹದಿನಾರು ಗಂಟೆ ಒಣಗಿದ ದೇಹಕ್ಕೆ ಅರಿವಳಿಕೆ ಕೊಟ್ಟರೆ ಬಿಪಿ ಬೀಳುತ್ತದೆ, ಬಿದ್ದರೆ ಬಾಟಲಿ, ಬಾಟಲಿಯಿಂದ ಮೂರನೇ ರಾತ್ರಿ. ಈಗಿನ ಮಾರ್ಗಸೂಚಿಗಳ ಪ್ರಕಾರ ಹಗುರವಾದ ಊಟಕ್ಕೆ ಆರು ಗಂಟೆ, ಬರೀ ನೀರಿಗೆ ಎರಡು ಗಂಟೆ ಅಂತರ ಸಾಕು, ಹೊಟ್ಟೆ ನಿಧಾನಕ್ಕೆ ಖಾಲಿಯಾಗುವ ತೊಂದರೆ ಇಲ್ಲದಿದ್ದರೆ. ಕೇಳಿ ನೋಡಿ. ವಯಸ್ಸಾದ, ಹೃದಯ ಸೋತವರನ್ನು ಬೆಳಿಗ್ಗೆ ಮೊದಲ ಕೇಸಾಗಿ ತಗೊಳ್ಳಿ ಅಂತ ಕೇಳುವುದೂ ತಪ್ಪಲ್ಲ.

ನೋವಿನ ಮಾತ್ರೆ ಬಗ್ಗೆ ಒಂದು ಮಾತು. ಡೈಕ್ಲೊಫೆನಾಕ್, ಐಬುಪ್ರೊಫೆನ್, ಎಟೋರಿಕಾಕ್ಸಿಬ್ ಇವೆಲ್ಲ ಉಪ್ಪು ನೀರನ್ನು ದೇಹದಲ್ಲಿ ಹಿಡಿದಿಡುತ್ತವೆ, ಕಿಡ್ನಿಗೂ ಪೆಟ್ಟು. ಹಾರ್ಟ್ ಫೇಲ್ಯೂರ್ ಇರುವವರು ಇವುಗಳಿಂದ ದೂರ ಇರಬೇಕು. ಆದರೆ ಡಿಸ್ಚಾರ್ಜ್ ಚೀಟಿಯಲ್ಲಿ ಅಭ್ಯಾಸಬಲದಿಂದ ಬಂದುಬಿಡುತ್ತವೆ.

ಎಲ್ಲಾ ಆಪರೇಷನ್ನೂ ಒಂದೇ ಅಲ್ಲ

ಕಣ್ಣಿನ ಪೊರೆ ತೆಗೆಯುವುದು ಅತಿ ಕಮ್ಮಿ ಅಪಾಯದ ಕೆಲಸ. ಅಲ್ಲಿ ತೊಂದರೆ ಬೇರೆ: ಅಂಗಾತ, ಚಪ್ಪಟೆಯಾಗಿ, ಮುಖಕ್ಕೆ ಬಟ್ಟೆ ಮುಚ್ಚಿಸಿಕೊಂಡು ಅಲ್ಲಾಡದೆ ಮಲಗಬೇಕು. ದಿಂಬಿಲ್ಲದೆ ಮಲಗಿದರೆ ದಮ್ಮು ಬರುವವರಿಗೆ ಅದೇ ಕಷ್ಟ. ಮನೆಯಲ್ಲೇ ಅರ್ಧ ಗಂಟೆ ಹಾಗೆ ಮಲಗಿ ನೋಡಿದರೆ ತಿಳಿಯುತ್ತದೆ. ಆಗದಿದ್ದರೆ ನೀರು ಇಳಿಸಿಕೊಂಡು ಹೋಗಬೇಕು.

ಪಿತ್ತಕೋಶಕ್ಕೆ ಈಗ ಎಲ್ಲರೂ ಲ್ಯಾಪ್ರೋಸ್ಕೋಪಿ (ಸಣ್ಣ ತೂತುಗಳಿಂದ ಕ್ಯಾಮೆರಾ ಬಿಟ್ಟು ಮಾಡುವ ಆಪರೇಷನ್) ಕೇಳುತ್ತಾರೆ. ಗಾಯ ಸಣ್ಣದು, ನೋವು ಕಮ್ಮಿ, ಬೇಗ ಎದ್ದು ಓಡಾಡಬಹುದು. ಆದರೆ ಹೊಟ್ಟೆಗೆ ಗಾಳಿ ತುಂಬಿದಾಗ ಆ ಒತ್ತಡಕ್ಕೆದುರಾಗಿ ಹೃದಯ ರಕ್ತ ತಳ್ಳಬೇಕು. ಒತ್ತಡ ಕಮ್ಮಿ ಇಟ್ಟು, ನಿಧಾನಕ್ಕೆ ತುಂಬಿ ಮಾಡುವ ಅನುಭವಿಗಳಿದ್ದರೆ ಚೆನ್ನಾಗಿಯೇ ಆಗುತ್ತದೆ. ಪ್ರಾಸ್ಟೇಟನ್ನು ಮೂತ್ರದ ದಾರಿಯಿಂದ ಕೊರೆಯುವಾಗ ತೊಳೆಯುವ ನೀರು ರಕ್ತಕ್ಕೆ ಸೇರುತ್ತದೆ, ಹೊತ್ತು ಹೆಚ್ಚಾದಷ್ಟೂ ಜಾಸ್ತಿ.

‘ಬೆನ್ನಿಗೆ ಇಂಜೆಕ್ಷನ್ ಕೊಟ್ರೆ ಸೇಫು, ಪೂರ್ತಿ ಮಂಪರು ಬೇಡ’ ಅನ್ನುವ ನಂಬಿಕೆ ಗಟ್ಟಿಯಾಗಿದೆ. ಸೊಂಟ ಮುರಿದ 1,600 ಜನರ ಮೇಲೆ ನಡೆದು 2021ರಲ್ಲಿ ಬಂದ ಪ್ರಯೋಗದಲ್ಲಿ ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಹೃದಯದ ವಾಲ್ವ್ ತೀರಾ ಕಿರಿದಾಗಿರುವವರಿಗೆ ಬೆನ್ನಿನ ಇಂಜೆಕ್ಷನ್ನೇ ಬಿಪಿಯನ್ನು ತಟ್ಟನೆ ಬೀಳಿಸಬಹುದು. ಯಾವುದು ಅನ್ನೋದಕ್ಕಿಂತ ಯಾರು ಕೊಡುತ್ತಾರೆ, ಎಷ್ಟು ನಿಗಾ ಇರುತ್ತದೆ ಅನ್ನೋದು ಮುಖ್ಯ.

ಸೊಂಟದ ಮೂಳೆ ಮುರಿದರೆ ಮಾತ್ರ ಕಾಯುವುದೇ ಅಪಾಯ. ಹಾಸಿಗೆ ಹಿಡಿದರೆ ನ್ಯುಮೋನಿಯಾ, ರಕ್ತ ಹೆಪ್ಪುಗಟ್ಟುವುದು, ಹುಣ್ಣು. ‘ಎಕೋಗೆ ಸೋಮವಾರ ಬನ್ನಿ’ ಅಂತ ಗುರುವಾರ ಹೇಳುವುದು ಸರಿಯಲ್ಲ. 17 ದೇಶಗಳ 2,970 ಜನರನ್ನು ನೋಡಿದ 2020ರ ಪ್ರಯೋಗದಲ್ಲಿ ಆರು ಗಂಟೆಯ ಆಸುಪಾಸಿನಲ್ಲಿ ಮಾಡಿದರೂ, ಒಂದು ದಿನದ ಆಸುಪಾಸಿನಲ್ಲಿ ಮಾಡಿದರೂ ಸಾವಿನ ಪ್ರಮಾಣ ಹತ್ತಿರ ಹತ್ತಿರ ಒಂದೇ, 9 ಮತ್ತು 10 ಪರ್ಸೆಂಟ್. ಶ್ವಾಸಕೋಶದ ನೀರು ಇಳಿಸಲು ಒಂದಷ್ಟು ಗಂಟೆ ತಗೊಂಡರೆ ನಷ್ಟವಿಲ್ಲ. ದಿನಗಟ್ಟಲೆ ತಳ್ಳಿದರೆ ನಷ್ಟ.

ನಮ್ಮ ಊರುಗಳ ವಾಸ್ತವಕ್ಕೆ ಇದನ್ನೆಲ್ಲ ಹೊಂದಿಸುವುದೇ ಕಷ್ಟ. ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಅರಿವಳಿಕೆ ಡಾಕ್ಟರು ಕೇಸಿಗೆ ಅಂತ ಬಂದು, ಮುಗಿಸಿ, ಮುಂದಿನ ಊರಿಗೆ ಹೋಗುತ್ತಾರೆ. ಮೂರನೇ ರಾತ್ರಿ ಅವರು ಇರುವುದಿಲ್ಲ. ಹೃದಯಕ್ಕೇ ಮೀಸಲಾದ ಜಯದೇವದಂಥ ಸರ್ಕಾರಿ ಸಂಸ್ಥೆ ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿದೆ. ಆದರೆ ಹರ್ನಿಯಾ ಆಗುವುದು ಎಲ್ಲಾ ಊರಿನಲ್ಲೂ. ಪಂಪಿಂಗ್ ಕಮ್ಮಿ ಇರುವವರು ಊರಿನ ಹತ್ತಿರವೇ ಬೇಕು ಅನ್ನುವ ಆಸೆ ಬಿಟ್ಟು, ರಾತ್ರಿ ಡಾಕ್ಟರು ಇರುವ, ಐಸಿಯು ಇರುವ ಕಡೆ ಹೋಗಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನೂರು ಕಿಲೋಮೀಟರ್ ಆದರೂ ಸರಿ. ಸರ್ಕಾರದಿಂದ ಆಗಬೇಕಾದದ್ದು ದೊಡ್ಡ ಯಂತ್ರವೇನಲ್ಲ. ಇಂಥ ರೋಗಿಗಳ ವಾರ್ಡಿನಲ್ಲಿ ಒಂದು ತೂಕದ ಮಾಪಕ, ದಿನಾ ಬೆಳಿಗ್ಗೆ ತೂಕ ಬರೆಯುವ ಹಾಳೆ, ಎಷ್ಟು ನೀರು ಒಳಗೆ ಹೋಯಿತು ಎಷ್ಟು ಹೊರಗೆ ಬಂತು ಅನ್ನುವ ಲೆಕ್ಕ, ಮತ್ತು ಡಿಸ್ಚಾರ್ಜ್ ಆದ ಏಳು ದಿನದೊಳಗೆ ಒಂದು ಫೋನ್.

ಮನೆಗೆ ಬಂದ ಮೇಲೆ ಮೂರು ದಿನದಲ್ಲಿ ಎರಡು ಕಿಲೋ ತೂಕ ಏರಿದರೆ, ದಿಂಬು ಒಂದರಿಂದ ಎರಡಾದರೆ, ರಾತ್ರಿ ಕೆಮ್ಮು ಬಂದು ಎದ್ದು ಕೂರುವಂತಾದರೆ, ಬೆಳಗಾಗಲಿ ಅಂತ ಕಾಯದೆ ಹೊರಡಬೇಕು.

ಈಗ ದೊಡ್ಡಪ್ಪನಿಗೆ ಇನ್ನೊಂದು ಬದಿಯಲ್ಲೂ ಹರ್ನಿಯಾ ಕಾಣಿಸಿಕೊಂಡಿದೆ. ಈ ಸಲ ನಾವು ಕೇಳಿದ ಮೊದಲ ಪ್ರಶ್ನೆ ‘ಮಾಡಲೇಬೇಕಾ?’ ಅಂತ. ನೋವು ಅಷ್ಟಿಲ್ಲದ ಹರ್ನಿಯಾ ಇರುವ ಗಂಡಸರಲ್ಲಿ ಆಪರೇಷನ್ ಮಾಡದೆ ಬರೀ ಗಮನಿಸುತ್ತ ಇದ್ದರೆ ಏನಾಗುತ್ತದೆ ಅಂತ ನೋಡಿದ 720 ಜನರ ಪ್ರಯೋಗವೊಂದು 2006ರಲ್ಲಿ ಬಂದಿತ್ತು. ಕರುಳು ಸಿಕ್ಕಿಹಾಕಿಕೊಂಡು ತುರ್ತಾಗುವುದು ಬಹಳ ಅಪರೂಪ, ಸಾವಿರ ಜನರನ್ನು ಒಂದು ವರ್ಷ ನೋಡಿದರೆ ಇಬ್ಬರಿಗಿಂತ ಕಮ್ಮಿ. ಆದರೆ ಅಪ್ಪಿತಪ್ಪಿ ತುರ್ತಾದರೆ, ತಯಾರಿ ಇಲ್ಲದ ಆಪರೇಷನ್ ಇಂಥ ಹೃದಯಕ್ಕೆ ಇನ್ನೂ ಕೆಟ್ಟದ್ದು. ಸರ್ಜನ್ನು, ಹಾರ್ಟ್ ಡಾಕ್ಟರು, ಅರಿವಳಿಕೆ ಡಾಕ್ಟರು ಮೂವರೂ ಒಂದೇ ಕಡೆ ಇರುವ ಆಸ್ಪತ್ರೆಯಲ್ಲಿ ಕೂತು ಮಾತಾಡಿದೆವು. ಸದ್ಯಕ್ಕೆ ಕಾಯೋಣ, ದೀಪಾವಳಿ ಕಳೆದ ಮೇಲೆ ಮತ್ತೆ ನೋಡೋಣ, ನೋವು ಹೆಚ್ಚಾದರೆ ಅಥವಾ ಗಂಟು ಒಳಗೆ ಹೋಗದಿದ್ದರೆ ಅದೇ ದಿನ ಬನ್ನಿ ಅಂದರು.

ಅವರು ಕೊಟ್ಟ ಚೀಟಿ ಫ್ರಿಜ್ ಮೇಲೆ ಅಂಟಿಸಿದೆ. ಅದರಲ್ಲಿ ‘ಫಿಟ್’ ಅಂತಿಲ್ಲ. ‘ಒಣ ತೂಕ (ನೀರು ನಿಲ್ಲದಿರುವಾಗಿನ ತೂಕ) 61 ಕೆಜಿ. ಕಾಲೂತ ಇಲ್ಲ. ಒಂದು ದಿಂಬು. ಆಪರೇಷನ್ ಆದರೆ: ಡಾಪಾ ಮೂರು ದಿನ ಮುಂಚೆ ನಿಲ್ಲಿಸಿ, ಬೀಟಾ ಬ್ಲಾಕರ್ ನಿಲ್ಲಿಸಬೇಡಿ, ನೀರಿನ ಮಾತ್ರೆ ಮರುದಿನ ಬೆಳಿಗ್ಗೆಯೇ ಶುರು, ದಿನಾ ತೂಕ’ ಅಂತಿದೆ. ಪಕ್ಕದಲ್ಲಿ ಕ್ಯಾಲೆಂಡರು. ದೊಡ್ಡಮ್ಮ ಅದರ ಒಂದೊಂದು ಚೌಕದಲ್ಲೂ ಬೆಳಗಿನ ತೂಕ ಬರೆಯುತ್ತಾರೆ. ಇವತ್ತು 61.2.